ಇಪ್ಪತ್ತೆಂಟು ಸೆಂಟಿಮೀಟರ್

ತುಪ್ಪದಹಾಳ,
ಫೆಬ್ರವರಿ 31, 2169

ತುಪ್ಪದಹಾಳ ಪುರಸಭೆಯ ಖರೀದಿ ಶಾಖೆಯ ಸಹಾಯಕರಾದ ಈರಯ್ಯನವರಿಗೆ,

ಮೇಲಿನ ತಾರೀಖು ತಪ್ಪಾಗಿದೆ ಎಂದು ಕಾಗದ ಪಕ್ಕಕ್ಕಿಡಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತೊಂದು ದಿನ, ಮಾರ್ಚ್‌ಗೆ ಇಪ್ಪತ್ತೆಂಟೇ. ನಿಮ್ಮ ಕಾಲದ ಕಚೇರಿಗಳು ವರ್ಷವಿಡೀ ಸುಮ್ಮನಿದ್ದು ಮಾರ್ಚ್‌ನ ಕೊನೆಯ ಮೂರು ದಿನಗಳಲ್ಲಿ ಎಲ್ಲವನ್ನೂ ಕೊಳ್ಳುತ್ತಿದ್ದವಂತೆ. ಅದನ್ನು ತಡೆಯಲು ನಮ್ಮ ಹಿರಿಯರು ಆ ಮೂರು ದಿನಗಳನ್ನೇ ಕಿತ್ತು ಫೆಬ್ರವರಿಗೆ ಸೇರಿಸಿದರು. ಈಗ ಆ ಅವಸರವೆಲ್ಲ ಮಾರ್ಚ್ ಇಪ್ಪತ್ತೆಂಟರ ಹಿಂದಿನ ಮೂರು ದಿನಗಳಲ್ಲಿ ನಡೆಯುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಧಾನವಾಗಿ ಬರೆಯುವ ತಾಳ್ಮೆ ಇವತ್ತು ನನ್ನಲ್ಲಿಲ್ಲ.

ನಾನು ದ್ಯಾಮವ್ವ. ವಯಸ್ಸು ಇಪ್ಪತ್ತಮೂರು. ಈ ಊರಿನ ಓದುಗಿತ್ತಿ. ಪುರಸಭೆ ಏನೇ ಕೊಂಡರೂ ಅದರ ಟೆಂಡರ್ ಕಾಗದವನ್ನು ಜನರ ಮುಂದೆ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಬಂದ ಮಾದರಿ ಅದಕ್ಕೆ ಹೊಂದುತ್ತದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಇದಕ್ಕೆ ನನ್ನನ್ನು ಯಾವ ಕಾಲೇಜೂ ತಯಾರು ಮಾಡಲಿಲ್ಲ. ಗ್ರಂಥಾಲಯದ ಅಟ್ಟದಲ್ಲಿ ನಿಮ್ಮ ಕಾಲದ ಕರಪತ್ರಗಳ ಒಂದು ಗಂಟಿತ್ತು. ಹದಿನಾರು ಪುಟದವು, ಮೂಲೆ ಮುರಿದವು, ಸಭೆಗಳಲ್ಲಿ ಹಂಚಿ ಉಳಿದವು. ಟೆಂಡರ್ ಎಂದರೇನು, ಒಂದೇ ಅರ್ಜಿ ಬಂದರೆ ಏನು ಮಾಡಬೇಕು, ದೊಡ್ಡ ಖರೀದಿಯನ್ನು ತುಂಡು ತುಂಡು ಮಾಡಿ ನಿಯಮ ತಪ್ಪಿಸುವುದು ಹೇಗೆ, ಅದನ್ನು ಹಿಡಿಯುವುದು ಹೇಗೆ, ಎಲ್ಲವನ್ನೂ ಅಲ್ಲೇ ಕಲಿತೆ. ಹದಿನಾಲ್ಕನೆಯ ವಯಸ್ಸಿಗೆ ಅವು ನನಗೆ ಬಾಯಿಪಾಠವಾಗಿದ್ದವು. ಪಾರದರ್ಶಕತೆ ಎಂಬ ಪದ ಓದಿದಾಗಲೆಲ್ಲ ನನ್ನ ಮೈ ಬಿಸಿಯಾಗುತ್ತಿತ್ತು.

ಆ ಕರಪತ್ರಗಳು ಕೇಳಿದ್ದನ್ನೆಲ್ಲ ನಾವು ಮಾಡಿದ್ದೇವೆ, ಈರಯ್ಯನವರೇ. ಒಂದು ಗುಂಡುಸೂಜಿ ಕೊಳ್ಳುವುದಿದ್ದರೂ ಸಂತೆ ಬಯಲಿನ ತೆರೆಗಟ್ಟೆಯ ಮೇಲೆ, ಹಾಡಹಗಲಲ್ಲಿ, ಲಕೋಟೆಗಳನ್ನು ಒಡೆಯುತ್ತೇವೆ. ತೆರೆಗಟ್ಟೆ ಎಂದರೆ ಮೂರಡಿ ಎತ್ತರದ ಕಲ್ಲಿನ ಜಗಲಿ, ನಾಲ್ಕೂ ಕಡೆ ಗೋಡೆಯಿಲ್ಲ. ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಶೇಂಗಾ ಸಿಪ್ಪೆ ನೆಲದ ತುಂಬ ಬೀಳುತ್ತದೆ. ಲಕೋಟೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಕಟ್ಟೆಯ ಎಡಕ್ಕೆ ಹಸಿರು ಬಣ್ಣದ ಉದ್ದನೆಯ ಬೆಂಚಿದೆ. ಅದು ನೆಂಟರ ಬೆಂಚು. ಟೆಂಡರ್ ಹಾಕಿದವರಿಗೂ ಪುರಸಭೆಯವರಿಗೂ ನಂಟಿದ್ದರೆ ಇಬ್ಬರೂ ಅಲ್ಲಿ ಹೋಗಿ ಎಲ್ಲರಿಗೂ ಕಾಣುವಂತೆ ಕೂರಬೇಕು. ಮದುವೆ ಸುಗ್ಗಿ ಮುಗಿದ ಮೇಲೆ ಬೆಂಚು ಸಾಲದೆ ಬಾಡಿಗೆ ಕುರ್ಚಿ ತರಿಸುತ್ತೇವೆ. ಕಡಿಮೆ ದರ ಬರೆದವರಿಗೇ ಕೆಲಸ ಎಂಬ ಹಟವನ್ನೂ ಬಿಟ್ಟಿದ್ದೇವೆ. ಯಾರನ್ನು ಏಕೆ ಆರಿಸಿದೆವು ಎಂಬುದನ್ನು ಪುರಸಭೆಯ ಹೊರಗೋಡೆಯ ಮೇಲೆ, ಬೀದಿಯಲ್ಲಿ ಹೋಗುವವರಿಗೆ ಕಾಣುವ ಅಕ್ಷರಗಳಲ್ಲಿ ಬರೆಯುತ್ತೇವೆ. ಈ ಊರಿನಲ್ಲಿ ಲಂಚ ಎಂಬ ಪದವನ್ನು ಮಕ್ಕಳಿಗೆ ವಿವರಿಸಿ ಹೇಳಬೇಕು.

ಇಷ್ಟೆಲ್ಲ ಇದ್ದೂ ನನ್ನ ಅಕ್ಕ ಹುಲಿಗೆವ್ವ ಈಗ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಅವಳನ್ನು ಬೀಳಿಸಿದವಳು ನಾನು.

ಅಕ್ಕ ಮಳೆಮನೆಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಪ್ರತಿ ಓಣಿಯ ಕೆಳಗೂ ಮಳೆನೀರು ಹಿಡಿದಿಡುವ ದೊಡ್ಡ ಕೋಣೆಯಿದೆ, ಅದಕ್ಕೆ ಮಳೆಮನೆ ಎನ್ನುತ್ತೇವೆ. ಬೇಸಿಗೆಯಲ್ಲಿ ಇಳಿದು ಹೂಳು ಕೆರೆಯಬೇಕು. ಮುಂಗಾರಿನಲ್ಲಿ ಹರಿಯುವ ನೀರಿನಲ್ಲೇ ನಿಂತು ನೀರು ಬಿಡುವ ಬಾಗಿಲು ತಿರುಗಿಸಬೇಕು. ಮೂವತ್ತೆರಡು ಜನ ಈ ಕೆಲಸದಲ್ಲಿದ್ದಾರೆ, ಎಲ್ಲರೂ ಹೆಂಗಸರು. ಮೆಟ್ಟಿಲು ಪಾಚಿಗಟ್ಟಿ ಜಾರುತ್ತವೆ, ಬೂಟಿಲ್ಲದೆ ಇಳಿಯುವಂತಿಲ್ಲ. ಆ ಬೂಟನ್ನು ಪುರಸಭೆ ಕೊಡುತ್ತದೆ. ಅದು ಅವರ ಕಾಲಿಗೆ ದೊಡ್ಡದು. ಅಕ್ಕ ಮುಂದೆ ಹಳೆ ಸೀರೆಯ ಚಿಂದಿ ತುರುಕಿ ಹಾಕಿಕೊಳ್ಳುತ್ತಿದ್ದಳು, ನಮ್ಮ ಅವ್ವನೂ ಹಾಗೆಯೇ ಮಾಡುತ್ತಿದ್ದಳು. ಬೂಟೆಂದರೆ ಹಾಗೇ ಇರುತ್ತದೆ ಎಂದು ಚಿಕ್ಕಂದಿನಿಂದ ತಿಳಿದಿದ್ದೆ.

ಹೋದ ನವೆಂಬರಿನಲ್ಲಿ ಬೂಟಿನ ಟೆಂಡರ್ ತೆರೆದೆವು. ನಾಲ್ಕು ಲಕೋಟೆ, ನಾಲ್ಕು ಮಾದರಿ. ನಾಲ್ಕನೆಯದನ್ನು ಹೊಲಿದವಳು ಮಾಬುಬಿ, ಬಸ್ ನಿಲ್ದಾಣದ ಹಿಂದೆ ಚಪ್ಪಲಿ ಅಂಗಡಿ ಇಟ್ಟಿರುವ ಮುದುಕಿ. ಆಕೆ ಒಂದು ಜೋಡಿಯ ಬದಲು ಆರು ಜೋಡಿ ತಂದಿದ್ದಳು, ಸಣ್ಣದರಿಂದ ದೊಡ್ಡದರವರೆಗೆ. ಅಡಿಯಲ್ಲಿ ನೀರು ಸರಿಯಲು ಆಳವಾದ ಗೀರುಗಳಿದ್ದವು. ನಾನು ಅಳತೆಪಟ್ಟಿ ಹಿಡಿದು, ಕಾಗದ ನೋಡಿ, ಗಟ್ಟಿಯಾಗಿ ಓದಿದೆ: ಉದ್ದ ಇಪ್ಪತ್ತೆಂಟು ಸೆಂಟಿಮೀಟರ್, ನಾಲ್ಕನೆಯ ಮಾದರಿ ಹೊಂದುವುದಿಲ್ಲ, ತಿರಸ್ಕೃತ.

"ಯವ್ವಾ, ನಾ ಕಾಲ ನೋಡಿ ಬೂಟ ಹೊಲ್ದೀನಿ, ಕಾಗದ ನೋಡಿ ಅಲ್ಲ," ಎಂದಳು ಮಾಬುಬಿ.

"ಕಾಗದದ ಮ್ಯಾಲೆ ತಕರಾರು ಹೇಳಾಕ ಹದಿನೈದು ದಿನ ಕೊಟ್ಟಿದ್ವಲ್ಲ ಚಾಚಿ. ಆಗ ಯಾಕ ಬರಲಿಲ್ಲ?"

"ಆಗ ಬೂಟ ಹೊಲೀತಿದ್ನೆವ್ವಾ!"

ಜನ ನಕ್ಕರು. ಗುಂಪಿನ ಮಧ್ಯದಿಂದ ಅಕ್ಕ ಎದ್ದು ಕೂಗಿದಳು: "ಏ ದ್ಯಾಮಿ, ನಿನ್ನ ನಿಯಮಕ್ಕ ಕಾಲ ಅದಾವೇನ? ಇದ್ರ ಆ ದೊಡ್ಡ ಬೂಟ ಅದಕ್ಕ ತೊಡಸು!"

ಬಯಲೇ ಬಿದ್ದುಬಿದ್ದು ನಕ್ಕಿತು. ನನ್ನ ಕಿವಿ ಕೆಂಪಾದವು. ಆ ಹೊತ್ತಿಗೆ ನನ್ನೊಳಗೆ ಏನಿತ್ತು ಎಂದು ನಿಮಗೆ ನಿಜ ಹೇಳುತ್ತೇನೆ. ಮಾಬುಬಿಯ ಬೂಟು ಒಳ್ಳೆಯದು ಎಂದು ನನಗೆ ಕಂಡಿತ್ತು. ಆದರೆ ಅದು ಹೋಗುವುದು ನನ್ನ ಅಕ್ಕನ ಕಾಲಿಗೆ. ಅಕ್ಕನಿಗಾಗಿ ನಿಯಮ ಸಡಿಲಿಸಿದಳು ಎಂದು ನಾಳೆ ಯಾರಾದರೂ ಆಡಿಕೊಂಡರೆ? ಓದಿದ್ದನ್ನು ತಿದ್ದಲಿಲ್ಲ. ಮುದ್ರೆ ಒತ್ತಿದೆ. ಮನೆಗೆ ಹೋಗುವಾಗ ನನ್ನ ಬೆನ್ನು ನೆಟ್ಟಗಿತ್ತು.

ಸಂಕ್ರಾಂತಿಗೆ ಹೊಸ ಬೂಟು ಬಂದವು. ಅದಾದ ಮೂರನೆಯ ವಾರ ಅಕ್ಕ ಮಳೆಮನೆಯ ಹನ್ನೊಂದನೆಯ ಮೆಟ್ಟಿಲಲ್ಲಿ ಕಾಲಿಟ್ಟಳು, ಬೂಟು ಮೆಟ್ಟಿಲ ಮೇಲೆ ನಿಂತಿತು, ಬೂಟಿನೊಳಗೆ ಕಾಲು ಜಾರಿತು. ಮೊಣಕಾಲು ಎರಡು ಕಡೆ ಮುರಿದಿದೆ. ಕೋಲಿಲ್ಲದೆ ನಡೆಯುವುದು ಅನುಮಾನ ಎನ್ನುತ್ತಾರೆ.

ಆ ಇಪ್ಪತ್ತೆಂಟನ್ನು ಬರೆದವನನ್ನು ಹಿಡಿಯಬೇಕೆಂದು ನಾನು ಹೊರಟೆ. ಯಾವನೋ ಬೂಟಿನ ವ್ಯಾಪಾರಿಯ ಜೊತೆ ಕೈಜೋಡಿಸಿದ ಅಧಿಕಾರಿ ಇರಬೇಕು, ಅವನ ಹೆಸರನ್ನು ಹೊರಗೋಡೆಯ ಮೇಲೆ ಬರೆಯಬೇಕು ಎಂದುಕೊಂಡೆ. ದಾಖಲೆ ಕೋಣೆಯಲ್ಲಿ ಕೂತು ಹಿಂದಿನ ವರ್ಷದ ಕಡತ ಬಿಚ್ಚಿದೆ. ಅಳತೆಯ ಕಾಲಂನಲ್ಲಿ ಎರಡೇ ಪದ: ಹಿಂದಿನ ಸಾಲಿನಂತೆ. ಅದರ ಹಿಂದಿನದು ಬಿಚ್ಚಿದೆ. ಹಿಂದಿನ ಸಾಲಿನಂತೆ. ಲಕೋಟೆಗಳು ಬಂದು, ಹೋಗಿ, ಗಣಕಯಂತ್ರ ಬಂದು, ಅದು ಹೋಗಿ ಮತ್ತೆ ಲಕೋಟೆ ಬಂದು, ತೆರೆಗಟ್ಟೆ ಕಟ್ಟಿ, ಬೆಂಚಿಗೆ ಹಸಿರು ಬಳಿದು, ನಿಯಮಗಳನ್ನು ಒಂಬತ್ತು ಸಲ ತಿದ್ದಿದ ಅಷ್ಟೂ ವರ್ಷ ಆ ಕಾಲಂ ಮಾತ್ರ ಹಾಗೆಯೇ ಇತ್ತು. ಹೇಗೆ ಕೊಳ್ಳಬೇಕು ಎಂದು ಎಲ್ಲರೂ ಜಗಳವಾಡಿದ್ದಾರೆ. ಏನು ಕೊಳ್ಳುತ್ತಿದ್ದೇವೆ ಎಂದು ಒಬ್ಬರೂ ನೋಡಿಲ್ಲ. ನಾನು ಬಾಯಿಪಾಠ ಮಾಡಿದ ಕರಪತ್ರಗಳಲ್ಲಿಯೂ ಕಾಲು ಎಂಬ ಪದ ಒಂದು ಕಡೆಯೂ ಇರಲಿಲ್ಲ.

ಹನ್ನೆರಡನೆಯ ದಿನ 2026ರ ಕಡತದ ಲಾಡಿ ಬಿಚ್ಚಿದೆ. ಅಂಚಿನಲ್ಲಿ ನಿಮ್ಮ ಕೈಬರಹವಿತ್ತು: "ಪಾದದ ಅಳತೆ ಸಿಕ್ಕಿಲ್ಲ. ಟೆಂಡರ್ ಇಂದೇ ಪ್ರಕಟವಾಗಬೇಕು. ಸದ್ಯಕ್ಕೆ ನನ್ನ ಬೂಟಿನ ಅಳತೆ 28 ಸೆಂ.ಮೀ. ನಮೂದಿಸಿದೆ. ಮುಂದಿನ ಸಲ ತಿದ್ದುವುದು. ಈರಯ್ಯ, 31-3-2026, ಮಧ್ಯಾಹ್ನ 3.45."

ನನಗೆ ಕಳ್ಳ ಬೇಕಾಗಿತ್ತು. ಸಿಕ್ಕಿದ್ದು ನೀವು. ತಪ್ಪನ್ನು ಒಪ್ಪಿಕೊಂಡು, ಸಮಯವನ್ನೂ ಬರೆದು, ಸಹಿ ಹಾಕಿದವರು. ನಾನು ಆ ಕುರ್ಚಿಯಲ್ಲಿದ್ದರೆ ಇಷ್ಟನ್ನಾದರೂ ಬರೆಯುತ್ತಿದ್ದೆನೋ ಇಲ್ಲವೋ. ಆಸ್ಪತ್ರೆಗೆ ಹೋಗಿ ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಅಂದ್ರ ಇಷ್ಟ ವರ್ಷ ನಾವೆಲ್ಲಾ ಈರಯ್ಯನ ಬೂಟ ಹಾಕ್ಕೊಂಡ ಇಳೀತಿದ್ವೇನ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಾಪ, ಅಂವಾ ತನಗೊಂದ ಜೋಡಿ ಇಟ್ಕೊಂಡಾನೋ ಇಲ್ಲೋ!" ಆಮೇಲೆ, "ಉಳದ ಮೂವತ್ತೊಂದ ಮಂದಿ ಅದಾರಲ್ಲ ದ್ಯಾಮಿ. ಮಳಿ ಬರೂದ್ರಾಗ ಏನರ ಮಾಡು," ಎಂದಳು.

ಒಮ್ಮೆ ಕೊಂಡ ವಸ್ತುವಿಗೆ ಹನ್ನೆರಡು ತಿಂಗಳೊಳಗೆ ಮತ್ತೆ ಟೆಂಡರ್ ಕರೆಯುವಂತಿಲ್ಲ ಎಂಬುದು ನಮ್ಮ ನಿಯಮ. ಖರೀದಿಯನ್ನು ತುಂಡು ಮಾಡುವವರನ್ನು ತಡೆಯಲು ಮಾಡಿದ್ದು, ಅದಕ್ಕಾಗಿ ನಾನೇ ಕೂಗಾಡಿದ್ದೆ. ನಾಳೆ ಮಾರ್ಚ್ ಒಂದು. ನಾಳೆ ಬೆಳಿಗ್ಗೆ ತೆರೆಗಟ್ಟೆ ಹತ್ತಿ ಆ ನಿಯಮ ಮುರಿಯಿರಿ ಎಂದು ಕೇಳುತ್ತೇನೆ. ಅಳತೆಯ ಕಾಲಂನಲ್ಲಿ ಆ ಎರಡು ಪದಗಳನ್ನು ಇನ್ನು ಯಾರೂ ಬರೆಯಬಾರದು, ವಸ್ತುವನ್ನು ಬಳಸುವವರು ಮುಟ್ಟಿ, ತೊಟ್ಟು, ಸಹಿ ಹಾಕದೆ ಯಾವ ಟೆಂಡರೂ ಹೊರಡಬಾರದು ಎನ್ನುತ್ತೇನೆ. ಅಕ್ಕನಿಗಾಗಿ ಬಾಯಿ ಬಿಟ್ಟಳು ಎನ್ನುತ್ತಾರೆ. ಹೌದು, ಅಕ್ಕನಿಗಾಗಿಯೇ. ಮುದ್ರೆ ವಾಪಸು ಕೇಳಿದರೆ ಕೊಟ್ಟು ಇಳಿಯುತ್ತೇನೆ. ಮಾಬುಬಿ ಆರೂ ಜೋಡಿಗಳನ್ನು ಚೀಲದಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂರುವುದಾಗಿ ಹೇಳಿದ್ದಾಳೆ.

ಈ ಕಾಗದವನ್ನು ನಿಮ್ಮ ಕಡತದಲ್ಲೇ ಇಟ್ಟು ಲಾಡಿ ಬಿಗಿಯುತ್ತಿದ್ದೇನೆ. ಹಿಂದಕ್ಕೆ, ನಿಮ್ಮ ಕಾಲಕ್ಕೆ ಹೋಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೋದರೆ, ಅದು ನಿಮ್ಮ ಕೈಗೆ ಸಿಕ್ಕಾಗ ಗಡಿಯಾರದಲ್ಲಿ ಮೂರೂಮುಕ್ಕಾಲು ಆಗಿರುತ್ತದೆ. ಕಚೇರಿ ಮುಚ್ಚಲು ಇನ್ನೂ ಹೊತ್ತಿದೆ. ನಿಮ್ಮ ಕಿಟಕಿಯ ಹೊರಗೆ, ಆ ಬೂಟು ತೊಡಬೇಕಾದ, ಗಟಾರ ಬಳಿಯುವ ಹೆಂಗಸರು ನೆರಳಿನಲ್ಲಿ ಚಹಾ ಕುಡಿಯುತ್ತಿರಬಹುದು. ಒಂದು ಟೇಪು ತೆಗೆದುಕೊಂಡು ಕೆಳಗಿಳಿಯಿರಿ. ನಾಚಿಕೆಯಾದರೆ ಒಂದು ಹಾಳೆ ಕೊಟ್ಟು, ಅದರ ಮೇಲೆ ನಿಲ್ಲಿರಿ ಎಂದು ಹೇಳಿ, ಗೆರೆ ಎಳೆದುಕೊಳ್ಳಿ.

ಅದಕ್ಕೂ ಹೊತ್ತಿಲ್ಲದಿದ್ದರೆ ಈ ಹಾಳೆಯನ್ನು ತಿರುಗಿಸಿ. ಹಿಂಬದಿಯಲ್ಲಿ ಹುಲಿಗೆವ್ವನ ಬಲಪಾದವಿದೆ, ಮುರಿಯದ ಕಾಲಿನದು. ನಿನ್ನೆ ಆಸ್ಪತ್ರೆಯ ಹಾಸಿಗೆಯ ಮೇಲೆ ಪೆನ್ಸಿಲ್ ಹಿಡಿದು ಸುತ್ತಲೂ ಗೆರೆ ಎಳೆದೆ. ಹೆಬ್ಬೆರಳಿನ ಹತ್ತಿರ ಗೆರೆ ಹೊರಕ್ಕೆ ಹಾರಿದೆ. ಕಚಗುಳಿಯಾಗಿ ಅವಳು ಕಾಲು ಎಳೆದುಕೊಂಡಳು. ಅಷ್ಟು ಬಿಟ್ಟರೆ ಉಳಿದದ್ದೆಲ್ಲ ಸರಿಯಾದ ಅಳತೆ.

ದ್ಯಾಮವ್ವ,
ಇವತ್ತಿನ ಮಟ್ಟಿಗೆ ಓದುಗಿತ್ತಿ