ಉಪ್ಪಿನ ಬಯಲು ಪೂರ್ತಿ ಕಂಡ ಭಾನುವಾರ

ಜಕಾರ್ತಾ,
ಮಂಗಳವಾರ, 12 ಸೆಪ್ಟೆಂಬರ್ 1995

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ನಮಾಜಿಗೆ ಕುರ್ಚಿ ಹಾಕಿಕೊಳ್ಳಿ ಎಂದು ತುಮಿನಾ ಅತ್ತೆ ಎಷ್ಟು ಹೇಳಿದರೂ ನೀವು ಕೇಳುವುದಿಲ್ಲವಂತೆ. ಕುರ್ಚಿಯಲ್ಲಿ ಕೂತವನ ಪ್ರಾರ್ಥನೆಯನ್ನು ದೇವರು ಬೇರೆ ತಕ್ಕಡಿಯಲ್ಲಿ ತೂಗುವುದಿಲ್ಲ, ಹಠ ಬಿಡಿ. ಅಲ್ಲಿ ನಮ್ಮೂರು ಮಾದಿಯುನ್‌ನಲ್ಲಿ ಬಿಸಿಲು ಜೋರಿದ್ದರೆ ಮಧ್ಯಾಹ್ನ ಹೊರಗೆ ತಿರುಗಬೇಡಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೊಳ್ಳಿ. ನಿಜ ಹೇಳಬೇಕೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಕಿಟಕಿಗೆ ಹೋಗಿ ಬಂದೆ, ಒಂದು ಸಲ ಒಲೆಯ ಮೇಲೆ ನೀರಿಟ್ಟು ಮರೆತೆ. ಕೈಬರಹ ಕೆಟ್ಟಿದ್ದರೆ ಅತ್ತೆಯ ಕೈಲಿ ಓದಿಸಿಕೊಳ್ಳಿ. ಹೇಗೂ ನನ್ನ ಕಾಗದಗಳಿಗೆ ಈಗ ಅವಳೇ ತಾನೆ ಉತ್ತರ ಬರೆಯುವುದು. ಕೊನೆಯಲ್ಲಿ ‘ಅಪ್ಪ ನಿನ್ನನ್ನು ಕೇಳಿದರು’ ಎಂದು ಒಂದು ಸಾಲು ಸೇರಿಸುತ್ತಾಳೆ. ಪಾಪ, ಅವಳಿಗೆ ಸುಳ್ಳು ಹೇಳಲೂ ಬರುವುದಿಲ್ಲ. ಆ ಸಾಲು ಬಂದಾಗಲೆಲ್ಲ ಅಕ್ಷರ ಸಣ್ಣಗಾಗುತ್ತದೆ.

ಮೂರು ವರ್ಷದ ಹಿಂದಿನ ಆ ಜಗಳವನ್ನು ಮತ್ತೆ ಕೆದಕುವುದು ಬೇಡ ಎಂದುಕೊಂಡಿದ್ದೆ, ಆದರೆ ಅದನ್ನು ಮುಟ್ಟದೆ ಇದನ್ನು ಹೇಳಲಾಗುವುದಿಲ್ಲ. ಮದುರಾ ದ್ವೀಪದ ಉಪ್ಪಿನ ಗದ್ದೆಗಳಲ್ಲಿ ನೀವು ಕ್ಯಾಮೆರಾ ಹಿಡಿದ ಆ ಚಿತ್ರ ನಮ್ಮ ಟಿವಿ ಕೇಂದ್ರದಿಂದ ಮೊದಲ ಸಲ ಪ್ರಸಾರವಾದಾಗ ಅದನ್ನು ಟೇಪಿಗೆ ಇಳಿಸಿದವಳು ನಾನು. ಚಿತ್ರಮಂದಿರದ ಪರದೆ ಅಗಲ, ಟಿವಿಯ ಪೆಟ್ಟಿಗೆ ಚೌಕ. ಯಾರು ಮಾತಾಡುತ್ತಾರೋ ಅವರ ಕಡೆಗೆ ಆ ಚೌಕವನ್ನು ಸರಿಸುತ್ತಾ ಹೋಗುವುದು, ಎರಡೂ ಪಕ್ಕದಲ್ಲಿ ಉಳಿದದ್ದನ್ನು ಬಿಟ್ಟುಬಿಡುವುದು, ಇದೇ ನನಗೆ ಕಲಿಸಿದ ಕೆಲಸ. ಆ ದೃಶ್ಯ ಬಂತು. ಪಟ್ಟಣಕ್ಕೆ ಓಡಿಹೋಗಿದ್ದ ಗಂಡ ವರ್ಷಗಳ ಮೇಲೆ ಹಿಂತಿರುಗಿ, ಬಯಲಿನ ಬಲತುದಿಯಲ್ಲಿ ನಿಂತು ತಪ್ಪಾಯಿತು ಎನ್ನುತ್ತಾನೆ. ಹೆಂಡತಿ ಎಡತುದಿಯಲ್ಲಿ. ಮಾತೆಲ್ಲ ಅವನದೇ, ಹಾಗಾಗಿ ಟಿವಿಯಲ್ಲಿ ಅವನೊಬ್ಬನೇ ಕಂಡ. ಅವಳು ಕಂಡದ್ದು ಮುಂದಿನ ದೃಶ್ಯದಲ್ಲಿ, ದೋಣಿ ಹತ್ತುವಾಗ. ನೀವು ಪಕ್ಕದ ಹಾಜಿ ಸುಬ್ಖಾನರ ಮನೆಯಲ್ಲಿ ಕೂತು ನೋಡುತ್ತಿದ್ದಿರಿ. ಹಾಜಿಯವರು, ‘ಎಂಥಾ ಕಲ್ಲು ಮನಸ್ಸಿನವಳಪ್ಪಾ! ಗಂಡ ಅಷ್ಟು ಬೇಡ್ಕೊಂಡಿದ್ದನ್ನೆಲ್ಲ ಕೇಳಿಸ್ಕೊಂಡು, ಆಮೇಲೆ ಎದ್ದು ದೋಣಿ ಹತ್ತೇಬಿಟ್ಳಲ್ಲ’ ಎಂದರಂತೆ. ನೀವು ಚಹಾ ಅಲ್ಲೇ ಬಿಟ್ಟು ಎದ್ದು ಬಂದಿರಂತೆ. ಆ ವರ್ಷದ ಹಬ್ಬಕ್ಕೆ ನಾನು ಮನೆಗೆ ಬಂದಾಗ, ಇಡೀ ಬಳಗದ ಎದುರು ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ತುಮಿನಾ, ಅರ್ಧ ಚಿತ್ರದ ದೊರೆಸಾನಿ ಬಂದಿದ್ದಾರೆ, ಅರ್ಧ ಲೋಟ ಚಹಾ ಕೊಡು.’ ಎಲ್ಲರೂ ನಕ್ಕರು. ನಾನೂ ನಕ್ಕೆ. ರೈಲಿನಲ್ಲಿ ಮಾತ್ರ ಸಿಟ್ಟು ಉಕ್ಕಿತು. ಯಂತ್ರ ನನ್ನ ಕೈಯಲ್ಲಿತ್ತು, ಸರಿ. ಪೆಟ್ಟಿಗೆಯ ಆಕಾರ ನನ್ನ ಕೈಯಲ್ಲಿತ್ತೇ?

ಹೋದ ತಿಂಗಳು ಅದೇ ಚಿತ್ರ ಭಾನುವಾರ ಮಧ್ಯಾಹ್ನಕ್ಕೆ ನಿಗದಿಯಾಯಿತು. ನಮ್ಮ ವಿಭಾಗದ ಮೇಲಿನವನು ತೋಗಾರಣ್ಣ, ಬಾತಕ್ ಸೀಮೆಯವನು, ಅಲ್ಲಿಯವರ ದನಿಯೇ ದೊಡ್ಡದು, ಪಿಸುಮಾತಾಡಿದರೂ ಬೀದಿಗೆ ಕೇಳುತ್ತದೆ. ಅವನ ಹತ್ತಿರ ಹೋಗಿ, ಈ ಸಲ ಚಿತ್ರವನ್ನು ಪೂರ್ತಿ ಅಗಲದಲ್ಲೇ ಕಳಿಸೋಣ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ ಎಂದೆ. ‘ನಿಂಗೇನು ತಲೆ ಕೆಟ್ಟಿದ್ಯಾ ಮುರ್ನಿ? ಜನ ಟಿವಿ ಹಾಳಾಯ್ತು ಅಂತ ಅದರ ನೆತ್ತಿ ಮೇಲೆ ಗುದ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣಮ್ಮಾ’ ಎಂದ. ‘ಮಡಚಿಕೊಳ್ಳೋಣ ಅಣ್ಣಾ, ಕಾಲು ಕತ್ತರಿಸೋದು ಯಾಕೆ?’ ಎಂದೆ. ನಕ್ಕ, ಆದರೆ ಒಪ್ಪಲಿಲ್ಲ. ಹಳೆಯ ಟೇಪೇ ಹೋಗಲಿ ಎಂದು ಖಡಾಖಂಡಿತವಾಗಿ ಹೇಳಿದ. ನಾನು ಉಗ್ರಾಣದಿಂದ ಮೂಲ ಫಿಲ್ಮು ತರಿಸಿ, ಊಟದ ವೇಳೆಯಲ್ಲಿ ಯಂತ್ರ ಖಾಲಿ ಇದ್ದಾಗಲೆಲ್ಲ ಕೂತು, ಅಂಚಿನಿಂದ ಅಂಚಿಗೆ ಹೊಸ ಟೇಪು ಮಾಡಿದೆ. ಅಪ್ಪಾ, ಆ ಉಪ್ಪಿನ ಬಯಲು! ನನ್ನ ಕೈಯಲ್ಲೇ ಹಾದುಹೋದ ಚಿತ್ರ, ನಾನೇ ಸರಿಯಾಗಿ ನೋಡಿರಲಿಲ್ಲ.

ಮೊನ್ನೆ ಭಾನುವಾರ ಪ್ರಸಾರದ ಕೋಣೆಯಲ್ಲಿ ನನ್ನದೇ ಪಾಳಿ. ಹೊಸ ಟೇಪು ಹಾಕಿದೆ. ಹಳೆಯದನ್ನು ಮೇಜಿನ ಮೇಲಿಟ್ಟೆ. ಚಿತ್ರದ ಆರಂಭದ ಹೆಸರುಗಳು ಮುಗಿಯುವ ಮೊದಲೇ ಫೋನುಗಳು ಬಡಿದುಕೊಳ್ಳತೊಡಗಿದವು. ಫೋನಿನ ಹತ್ತಿರ ಕೂರುವ ನೂನುಂಗ್ ನನ್ನನ್ನು ನುಂಗುವ ಹಾಗೆ ನೋಡುತ್ತಾ ಒಂದೊಂದನ್ನೂ ಎತ್ತಿದಳು. ಒಬ್ಬರು, ‘ಇಪ್ಪತ್ತೊಂದು ಇಂಚಿನ ಟಿವಿ ತಂದಿದ್ದು ಕಪ್ಪು ನೋಡೋಕಾ?’ ಎಂದು ಕೂಗಿದರು. ಇನ್ನೊಬ್ಬಾಕೆ, ‘ಅಮ್ಮಾ, ನಮ್ಮೆಜಮಾನ್ರು ಹೆಂಚು ಹತ್ತಿ ಆಂಟೆನಾ ತಿರುಗಿಸ್ತಾನೇ ಇದ್ದಾರೆ, ಪಟ್ಟಿ ಹೋಗ್ತಾನೇ ಇಲ್ಲ’ ಎಂದಳು. ‘ಮೊದಲು ಅವರನ್ನ ಇಳಿಸ್ರೀ ತಾಯಿ, ಪಟ್ಟಿ ಅಲ್ಲೇ ಇರತ್ತೆ!’ ಎಂದು ನೂನುಂಗ್ ಕಿರುಚಿದಳು. ನಗು ಬಂತು, ಅಳುವೂ ಬಂತು. ಅಷ್ಟರಲ್ಲಿ ತೋಗಾರಣ್ಣ ಮನೆಯಿಂದ ಮೋಟಾರ್ ಸೈಕಲ್ ಓಡಿಸಿಕೊಂಡು ಲುಂಗಿಯಲ್ಲೇ ಬಂದುಬಿಟ್ಟ. ‘ತೆಗಿ ಅದನ್ನ! ಜಾಹೀರಾತು ಬಂದ ತಕ್ಷಣ ಹಳೇದು ಹಾಕು!’ ಎಂದು ಬಾಗಿಲಿನಿಂದಲೇ ಗುಡುಗಿದ. ಜಾಹೀರಾತು ಶುರುವಾಗಿಯೇ ಇತ್ತು. ಹಳೆಯ ಟೇಪು ಮೇಜಿನ ಮೇಲೆಯೇ ಇತ್ತು. ‘ಅಣ್ಣಾ, ಇದಾದ ಮೇಲೆ ಉಪ್ಪಿನ ಬಯಲು ಬರತ್ತೆ. ಅದೊಂದು ನೋಡು. ಆಮೇಲೆ ನೀನೇ ತೆಗಿ, ನಾನು ಅಡ್ಡ ಬರಲ್ಲ’ ಎಂದೆ. ಅವನು ಬೈಯಲು ಬಾಯಿ ತೆರೆದಿದ್ದ. ಜಾಹೀರಾತು ಮುಗಿದುಹೋಯಿತು, ಚಿತ್ರ ಬಂತು.

ನಿಮಗೆ ನಾನೇನು ವರ್ಣಿಸಲಿ, ತೆಗೆದವರೇ ನೀವು. ಆದರೂ ನಾವು ಕಂಡದ್ದು ಹೇಳುತ್ತೇನೆ. ಬಲಗಡೆ ಅವನು, ಎಡಗಡೆ ಅವಳು, ನಡುವೆ ಬಿಳಿ ಉಪ್ಪು ಬಿಟ್ಟರೆ ಏನೂ ಇಲ್ಲ. ಅವನು ತಲೆ ತಗ್ಗಿಸಿ ಮಾತು ಶುರುಮಾಡುತ್ತಾನೆ. ಅವನ ಮೊದಲ ಮಾತು ಮುಗಿಯುವ ಮೊದಲೇ ಅವಳು ಬಗ್ಗಿ ಉಪ್ಪಿನ ಬುಟ್ಟಿ ಎತ್ತಿ, ತಲೆಗಿಟ್ಟುಕೊಂಡು ನಡೆಯುತ್ತಾಳೆ. ಅವನು ಬೇಡುತ್ತಲೇ ಇದ್ದಾನೆ, ಅವಳು ಅಂಚಿನಲ್ಲಿ ಸಣ್ಣಗಾಗುತ್ತಲೇ ಇದ್ದಾಳೆ. ಕ್ಷಮಿಸು ಎಂಬ ಮಾತು ಅವನ ಬಾಯಿಂದ ಬರುವ ಹೊತ್ತಿಗೆ ಆ ಕಡೆ ಯಾರೂ ಇಲ್ಲ. ತೋಗಾರಣ್ಣ ಬೈಯುವುದನ್ನು ಮರೆತು ಮುಂದೆ ಬಗ್ಗಿದ. ‘ಅಯ್ಯೋ, ಇವಳು ಆಗಲೇ ಹೊರಟಿದ್ದಾಳಲ್ಲೇ! ಇವನು ಯಾರ ಹತ್ರ ಮಾತಾಡ್ತಿದ್ದಾನೆ?’ ಎಂದ. ಅವನು ಈ ಚಿತ್ರವನ್ನು ಟಿವಿಯಲ್ಲಿ ಮೊದಲೇ ನೋಡಿದ್ದ ಅಪ್ಪಾ, ಆ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು ಆಮೇಲೆ ಬಿಟ್ಟುಹೋದಳೆಂದೇ ತಿಳಿದಿದ್ದ. ಕುರ್ಚಿ ಎಳೆದುಕೊಂಡು ಕೂತ. ನೂನುಂಗ್ ಕೂಡ ಫೋನು ಕೆಳಗಿಟ್ಟು ಬಂದು ನಿಂತಳು. ಹಳೆಯ ಟೇಪನ್ನು ಯಾರೂ ಮುಟ್ಟಲಿಲ್ಲ. ಚಿತ್ರ ಮುಗಿಯುವವರೆಗೂ ಫೋನು ಬಡಿದುಕೊಂಡೇ ಇತ್ತು.

ಸೋಮವಾರ ಮೇಲಿನ ಮಹಡಿಯಿಂದ ಕರೆ ಬಂತು. ಅಲ್ಲಿ ಕೂತವರ ಮುಂದೆ ತೋಗಾರಣ್ಣ ನನ್ನ ಮುಖ ನೋಡಲಿಲ್ಲ. ‘ಟೇಪು ಹಾಕಿದ್ದು ಇವಳೇ, ನಾನು ಬೇಡ ಅಂದಿದ್ದೆ’ ಎಂದುಬಿಟ್ಟ. ಸುಳ್ಳಲ್ಲ. ಆದರೂ ಆ ಹೊತ್ತಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ನನ್ನನ್ನು ಯಂತ್ರದ ಕೆಲಸದಿಂದ ತೆಗೆದಿದ್ದಾರೆ. ಮನೆಯಲ್ಲಿರು, ತಿಳಿಸುತ್ತೇವೆ ಎಂದರು. ಏನು ತಿಳಿಸುತ್ತಾರೋ, ಯಾವಾಗ ತಿಳಿಸುತ್ತಾರೋ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಎದ್ದು ಬಾಗಿಲಿಗೆ ಹೋಗುತ್ತೇನೆ. ಪಕ್ಕದ ಮನೆಯವಳು ಸೊಪ್ಪು ಕೊಡಲು ಬಂದರೂ ಕಚೇರಿಯ ಚೀಟಿ ಇದೆಯೇನೋ ಎಂದು ಅವಳ ಕೈ ನೋಡುತ್ತೇನೆ. ಕೆಲಸದ ಚಿಂತೆ ಒಂದು ಪಾಲು. ಮಿಕ್ಕದ್ದು ಬೇರೆ. ಭಾನುವಾರ ನೀವು ಎಲ್ಲಿದ್ದಿರಿ ಅಪ್ಪಾ? ಹೇಗಾದರೂ ಮಾಡಿ ನಿಮ್ಮನ್ನು ಹಾಜಿಯವರ ಮನೆಗೆ ಕರೆದುಕೊಂಡು ಹೋಗು ಎಂದು ಅತ್ತೆಗೆ ಬರೆದಿದ್ದೆ. ನೀವು ಹೋದಿರಾ, ಇಲ್ಲ ಮುಖ ತಿರುಗಿಸಿ ಹಿತ್ತಲಲ್ಲಿ ಕೂತಿರಾ? ಇಷ್ಟು ದೊಡ್ಡ ಊರಿನಲ್ಲಿ ಯಾರು ನೋಡಿದರೋ ಬೈದರೋ, ನನಗೆ ತಿಳಿಯಬೇಕಾದದ್ದು ಒಬ್ಬರ ಸುದ್ದಿ.

ಸಾಕು, ಕೈ ಸೋತಿತು. ಅತ್ತೆಗೆ ನನ್ನ ನಮಸ್ಕಾರ ಹೇಳಿ, ಅವಳ ಕಡಲೆಕಾಯಿ ಚಟ್ನಿಯ ರುಚಿ ಈ ಊರಲ್ಲಿ ಎಲ್ಲೂ ಸಿಕ್ಕಿಲ್ಲ ಎನ್ನಿ. ಹಾಜಿಯವರಿಗೂ ಸಲಾಮು. ನಿಮ್ಮ ಕೈಗಳಿಗೆ ಹಣೆ ಮುಟ್ಟಿಸುತ್ತೇನೆ. ಸಿಟ್ಟಿದ್ದರೂ ಕೈ ಹಿಂದಕ್ಕೆ ಎಳೆದುಕೊಳ್ಳಬೇಡಿ.

ನಿಮ್ಮ ಮಗಳು
ಮುರ್ನಿ

ತಾ.ಕ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ತೋಗಾರಣ್ಣನನ್ನು ಬೈದು ಮಾತು ಅಲ್ಲಿಗೇ ನಿಲ್ಲಿಸಿಬಿಟ್ಟೆ, ಪೂರ್ತಿ ಹೇಳಲಿಲ್ಲ. ಟೇಪು ಮಾಡಿ ಮುಗಿದ ಹಳೆಯ ಫಿಲ್ಮುಗಳನ್ನು ನಮ್ಮಲ್ಲಿ ಗುಜರಿಗೆ ಹಾಕುತ್ತಾರೆ. ನಿಮ್ಮ ಚಿತ್ರದ ಆರು ಡಬ್ಬಗಳನ್ನೂ ನಿನ್ನೆ ಹೊರಗೆ ತಂದಿಟ್ಟಿದ್ದರು. ನಾನು ಚೀಲ ತೆಗೆದುಕೊಂಡು ಹೊರಡುವಾಗ ತೋಗಾರಣ್ಣ ಗೋಡೆ ನೋಡುತ್ತಾ, ‘ಊಟಕ್ಕೆ ಹೋಗ್ತಿದ್ದೀನಿ. ವಾಪಸ್ ಬಂದಾಗ ಡಬ್ಬ ಇದ್ವೋ ಇಲ್ವೋ, ನಂಗೇನು ಗೊತ್ತಾಗತ್ತೆ’ ಎಂದ. ಮೋಟಾರ್ ಸೈಕಲ್ಲಿಗೆ ಸಾಮಾನು ಕಟ್ಟುವ ತನ್ನ ಹಗ್ಗವನ್ನು ಬಾಗಿಲಿಗೆ ಸಿಗಿಸಿ ಹೋಗಿದ್ದ. ಈಗ ಅವು ನನ್ನ ಮಂಚದ ಕೆಳಗಿವೆ. ಫಿಲ್ಮು ಹುಳಿ ವಾಸನೆ ಹೊಡೆಯಲು ಶುರುಮಾಡಿದೆ, ಈ ಸೆಖೆಯಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಅವಕ್ಕೆ ಏನು ಮಾಡಬೇಕೆಂದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಬರುವ ಭಾನುವಾರ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ಹಿತ್ತಲಿನ ತಂಪು ಕೋಣೆ ಖಾಲಿ ಮಾಡಿಸಿ. ನನ್ನ ಜೊತೆ ಮಾತಾಡಲೇಬೇಕೆಂದಿಲ್ಲ, ಸ್ಟೇಷನ್ನಿಗೆ ಮಾತ್ರ ಒಂದು ಸೈಕಲ್ ರಿಕ್ಷಾ ತೆಗೆದುಕೊಂಡು ಬನ್ನಿ. ತುಂಬಾ ಭಾರವಿದೆ ಅಪ್ಪಾ, ಒಬ್ಬಳೇ ಹೊರಲಾರೆ.