ಬಾಗಿಲು ತೇಲಿಸಿದವನ ಮುಖ

ಇಸ್ತ್ರಿ ಅಂಗಡಿಯಿಂದ,
ಸೋಮವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ತಮ್ಮಾ, ಮೊಂಡುರಾಯ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಅಲ್ಲಿಯ ನೆಲ ತಣ್ಣಗಿರುತ್ತದಂತೆ, ಕಂಬಳಿಯನ್ನು ಹೊದೆಯುವ ಬದಲು ಹಾಸಿಕೊಂಡು ಮಲಗು ಎಂದು ಅಮ್ಮ ಹೇಳಿಸಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ಹೋದ ಎರಡು ಭೇಟಿಯ ದಿನವೂ ನಾವಿಬ್ಬರೂ ಜೈಲಿನ ಬಾಗಿಲ ತನಕ ಬಂದೆವು. 'ಯಾರನ್ನೂ ನೋಡಲ್ಲ ಅಂದಿದಾನೆ' ಎಂದು ಕಾವಲಿನವರು ವಾಪಸ್ ಕಳಿಸಿದರು. ಅದರ ಮೇಲೆ ನಿನ್ನ ಕಾಗದ ಬೇರೆ: ಬಿಡುಗಡೆಯಾದರೂ ಈ ಬೀದಿಗೆ ಕಾಲಿಡುವುದಿಲ್ಲ, ಯಾವ ಮುಖ ಹೊತ್ತುಕೊಂಡು ಬರಲಿ ಎಂದು. ಓದಿ ನನಗೆ ಮೈ ಪರಚಿಕೊಳ್ಳುವಂತಾಯಿತು. ಉತ್ತರವನ್ನೇ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಇಲ್ಲಿ ನಿನ್ನ ಮುಖದ ವಿಷಯದಲ್ಲೇ ಒಂದು ರಾಮಾಯಣ ನಡೆದುಹೋಯಿತು, ಅದನ್ನು ನಿನಗೆ ಹೇಳದೆ ಬೇರೆ ಯಾರಿಗೆ ಹೇಳಲಿ.

ನಮ್ಮ ಅಂಗಡಿಯ ಎದುರಿಗಿರುವ ಗೋದಾಮಿನ ಉದ್ದ ಗೋಡೆ ನಿನಗೆ ಗೊತ್ತಲ್ಲ, ಭಿತ್ತಿಪತ್ರ ಅಂಟಿಸಿ ಅಂಟಿಸಿ ಹುಣ್ಣಾದಂತಿದ್ದದ್ದು. ಚಿತ್ರಕಲಾ ಕಾಲೇಜಿನ ಮಕ್ಕಳು ಅದರ ಮೇಲೆ ಈ ಬೀದಿಯ ಚರಿತ್ರೆಯನ್ನು ಚಿತ್ರವಾಗಿ ಬರೆಯುತ್ತೇವೆಂದು ಬಂದರು. ಎಂಟು ಜನ. ಅವರಿಗೆಲ್ಲ ಮುಂದಾಳು ದಪ್ಪ ಕನ್ನಡಕದ ಒಬ್ಬ ಹುಡುಗಿ. ಬಣ್ಣ ಮೆತ್ತಿದ ಕೈಯಲ್ಲೇ ಕನ್ನಡಕ ಸರಿಮಾಡಿಕೊಂಡು ಸದಾ ಮೂಗಿನ ಮೇಲೆ ಒಂದು ಚುಕ್ಕೆ ಇಟ್ಟುಕೊಂಡಿರುತ್ತಾಳೆ. ಮನೆಮನೆಗೆ ಹೋಗಿ 'ನಿಮ್ ಬೀದೀಲಿ ಹಿಂದೆ ಏನೇನಾಯ್ತು ಹೇಳಿ' ಎಂದು ಕೇಳಿದರು. ನಮ್ಮವರಿಗೆ ಅಷ್ಟೇ ಸಾಕಲ್ಲ, ಮಾತಿನ ಗಂಟು ಬಿಚ್ಚಿದರು. ಆದರೆ ಯಾರ ಮನೆಯಲ್ಲಿ ಕೂತರೂ ಕಥೆ ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಒಂದೇ ಕಡೆ, ಹಿಂದಿನ ಕಾಲುವೆ ಒಡೆದು ಬೀದಿ ಮುಳುಗಿದ ದಿನದಲ್ಲಿ. ಒಬ್ಬ ಹುಡುಗ ಅಂಗಡಿಯ ಬಾಗಿಲನ್ನೇ ಕಿತ್ತು ನೀರಿಗೆ ಬಿಟ್ಟು, ಅದನ್ನು ತಳ್ಳಿಕೊಂಡು ಮುದುಕರನ್ನೂ ಮಕ್ಕಳನ್ನೂ ದಾಟಿಸಿದ ಎಂದು. ಎಲ್ಲರೂ 'ಒಬ್ಬ ಹುಡುಗ' ಎಂದರೇ ಹೊರತು ಯಾರ ಮನೆಯ ಹುಡುಗ ಎಂದು ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ.

ಆ ಕನ್ನಡಕದವಳು ಬಾಗಿಲನ್ನು ಹುಡುಕಿಕೊಂಡು ಅಂಗಡಿ ಅಂಗಡಿ ಸುತ್ತಿ ನಮ್ಮ ಅಂಗಡಿಗೂ ಬಂದಳು. ಬಾಗಿಲು ಎಲ್ಲಿ ಹೋಗುತ್ತದೆ, ನಾಲ್ಕು ಕಾಲು ಬಡಿಸಿ ಅದರ ಮೇಲೇ ಅಲ್ಲವೇ ನಾನು ಇಸ್ತ್ರಿ ಮಾಡುತ್ತಿರುವುದು. ದುಪ್ಪಟಿ ಎತ್ತಿ ತೋರಿಸಿದೆ. ಅಗುಳಿ ಇದ್ದ ತೂತನ್ನು ಮುಟ್ಟಿ ನೋಡಿ ಅವಳ ಕಣ್ಣು ತುಂಬಿತು. ಇದನ್ನೇ ಗೋಡೆಗೆ ಕೂರಿಸೋಣವೇ ಎಂದಳು. 'ಇಸ್ತ್ರಿ ನಿನ್ ಬೆನ್ ಮೇಲೆ ಮಾಡ್ಲಾ?' ಎಂದೆ. ನಕ್ಕುಬಿಟ್ಟಳು. ಬಾಗಿಲನ್ನು ತಳ್ಳಿದವರು ಯಾರು ಎಂದು ಕೇಳಿದಾಗ ನನಗೆ ತಡೆಯಲಾಗಲಿಲ್ಲ, 'ನನ್ ತಮ್ಮ' ಎಂದೆ. ನೀನು ಶಾಲೆ ಮುಗಿಸಿದ ವರ್ಷ ತೆಗೆಸಿದ ಫೋಟೋ ಕೊಟ್ಟೆ. ಈಗ ಎಲ್ಲಿದ್ದಾರೆ ಎಂದರೆ, ದೂರ ಇದ್ದಾನೆ ಎಂದೆ. ಸುಳ್ಳೇನೂ ಅಲ್ಲವಲ್ಲ.

ಗೋಡೆಯ ಮೇಲೆ ಅವತ್ತಿನ ನೀರಿನ ಕಲೆ ಇನ್ನೂ ಗೆರೆ ಎಳೆದಂತೆ ಉಳಿದಿದೆ. ಆ ಮಕ್ಕಳು ಅದನ್ನು ಅಳಿಸಲಿಲ್ಲ. ಆ ಗೆರೆಯ ತನಕ ನೀರು ಬರೆದು, ಮೇಲೆ ಮನೆಗಳನ್ನೂ ಜನರನ್ನೂ ಬರೆದರು. ನಡುವೆ ನೀನು, ಎದೆಮಟ್ಟದ ನೀರಿನಲ್ಲಿ, ಬಾಗಿಲ ಮೇಲೆ ನಮ್ಮ ಬೀದಿಯ ಟೈಲರ್ ಅವರ ಅಮ್ಮ, ಅವಳ ಮಡಿಲಲ್ಲಿ ಹೊಲಿಗೆ ಮಷೀನು. ಮಷೀನು ಬಿಟ್ಟು ನಾನು ಬರುವುದಿಲ್ಲ ಎಂದು ಆ ಮುದುಕಿ ಹಟ ಹಿಡಿದದ್ದನ್ನೂ ಯಾರೋ ಹೇಳಿದ್ದರು. ನಿನ್ನ ಮುಖಕ್ಕೆ ಬಣ್ಣ ಬಿದ್ದ ದಿನವೇ ಬೀದಿಯಲ್ಲಿ ಗುಸುಗುಸು ಶುರುವಾಯಿತು. ಕುಡಿದು ವ್ಯಾನು ಓಡಿಸಿ ಅದೇ ಮುದುಕಿಯ ಮಗನ ಬಲಗಾಲು ತೆಗೆದವನನ್ನು ಗೋಡೆಯ ಮೇಲೆ ಮೆರೆಸುವುದೇ ಎಂದು. ಇದನ್ನು ನಿನಗೆ ಬೆಣ್ಣೆ ಹಚ್ಚಿ ಬರೆಯಲಾರೆ. ಅವರು ಅಂದದ್ದು ನಿಜವೇ. ಮಷೀನಿನ ಪೆಡಲ್ ತುಳಿಯುತ್ತಿದ್ದ ಕಾಲು ಅದು. ಈಗ ಮಷೀನಿಗೆ ಮೋಟಾರು ಹಾಕಿಸಿಕೊಂಡಿದ್ದಾರೆ.

ಬೀದಿಯ ಸಂಘದ ಕೋಣೆಯಲ್ಲಿ ಸಭೆ ಸೇರಿತು. ಔಷಧಿ ಅಂಗಡಿಯವರು ಅಧ್ಯಕ್ಷರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆಸ್ಪತ್ರೆಯಲ್ಲಿ ಟೈಲರ್ ಪಕ್ಕ ರಾತ್ರಿಗಟ್ಟಲೆ ಕೂತವರು. 'ಅವನು ಮಾಡಿದ ಉಪಕಾರ ಯಾರೂ ಮರ್ತಿಲ್ಲಮ್ಮಾ. ಆದ್ರೆ ಕಿಟಕಿ ತೆಗೆದ್ರೆ ಟೈಲರ್ ಕಣ್ಣಿಗೆ ಬೀಳೋದು ಅದೇ ಗೋಡೆ' ಎಂದರು. ಪಾಪ, ಕನ್ನಡಕದ ಹುಡುಗಿಗೆ ಇದೆಲ್ಲ ಗೊತ್ತಾದದ್ದು ಆಗಲೇ. ನನ್ನನ್ನೊಮ್ಮೆ ನೋಡಿದಳು. ನಾನು ತಲೆ ತಗ್ಗಿಸಿದೆ. ಆಮೇಲೆ ಅವಳೇ ಒಂದು ದಾರಿ ಹೇಳಿದಳು. ಚಿತ್ರ ಇರಲಿ, ಮುಖವನ್ನು ಮಾತ್ರ ಆ ಕಡೆ ತಿರುಗಿಸಿ ಬೆನ್ನು ಕಾಣುವಂತೆ ಬರೆಯುತ್ತೇನೆ ಎಂದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಲ್ಲರಿಗೂ ಹಾಯೆನಿಸಿತು. ನನಗೆ ಎಲ್ಲಿಲ್ಲದ ಕೋಪ ಬಂತು, 'ಪೂರ್ತಿ ಅಳಿಸ್ಬಿಡಿ, ಬೆನ್ನಿನ ಭಿಕ್ಷೆ ನಮಗೆ ಬೇಡ' ಎಂದು ಎದ್ದೆ. ಅಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು. 'ಬೆನ್ನಾದ್ರೂ ಇರ್ಲಿ ಬಿಡೇ. ನನ್ ಮಗನ ಬೆನ್ನು ನಂಗೆ ಗೊತ್ತಾಗುತ್ತೆ' ಎಂದಳು. ಹುಡುಗಿ ಮಾರನೆಯ ದಿನವೇ ನಿನ್ನನ್ನು ತಿರುಗಿಸಿದಳು. ಅಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಆ ಬೆನ್ನನ್ನೇ ನೋಡುತ್ತಿದ್ದಳು, ನಾನು ಇಸ್ತ್ರಿಯಲ್ಲಿ ಯಾರದೋ ಕಾಲರು ಸುಟ್ಟೆ.

ಇಷ್ಟೆಲ್ಲ ನಡೆದದ್ದು ಟೈಲರ್‌ಗೋಸ್ಕರ, ಆದರೆ ಟೈಲರ್ ಮಾತ್ರ ಆ ಸಭೆಯಲ್ಲಿ ಇರಲಿಲ್ಲ ಕಣೋ. ಸಂಘದ ಕೋಣೆ ಇರುವುದು ಮಹಡಿಯ ಮೇಲೆ, ಅಮ್ಮನನ್ನೇ ನಾನು ಕೈಹಿಡಿದು ಹತ್ತಿಸಿದ್ದೆ. ಒಂದು ಕಾಲಿನ ಮನುಷ್ಯ ಆ ಕಡಿದಾದ ಮೆಟ್ಟಿಲು ಹತ್ತಲಾರ ಎನ್ನುವುದು ಅಷ್ಟು ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಗಂಡನ್ನು ಕರೆಯದೆ ಮದುವೆ ಮಾತು ಮುಗಿಸಿದಂತಾಗಿತ್ತು.

ಗುರುವಾರ ಸಂಜೆ ಅವರು ಊರುಗೋಲು ಹಾಕಿಕೊಂಡು ತಾವೇ ಗೋಡೆಯ ಹತ್ತಿರ ಬಂದರು. ನಾನು ಅಂಗಡಿಯ ಒಳಗೇ ನಿಂತೆ, ಎದುರಿಗೆ ಹೋಗುವ ಧೈರ್ಯ ಬರಲಿಲ್ಲ. ತಮ್ಮ ಅಮ್ಮನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ 'ಇವನ್ಯಾಕೆ ಆ ಕಡೆ ತಿರ್ಗಿದಾನೆ?' ಎಂದು ಕೇಳಿದರು. 'ನಿಮಗೋಸ್ಕರ ಸಾರ್' ಎಂದಳು ಹುಡುಗಿ. 'ನಂಗೋಸ್ಕರ ಆದ್ರೆ ನನ್ನನ್ನ ಕೇಳ್ಬೇಕಿತ್ತು' ಎಂದರು, ಅಂಗಿಯ ಅಳತೆ ತಪ್ಪಿದವರಿಗೆ ಹೇಳುವಷ್ಟೇ ಮೆಲ್ಲಗೆ. ಅಷ್ಟರಲ್ಲಿ ಔಷಧಿ ಅಂಗಡಿಯವರು ಓಡಿ ಬಂದರು, ನಿಮ್ಮ ಮನಸ್ಸಿಗೆ ನೋವಾಗಬಾರದೆಂದು ಹೀಗೆ ಮಾಡಿದೆವು ಎಂದರು. ಅದಕ್ಕೆ ಟೈಲರ್ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆಯುತ್ತಿದ್ದೇನೆ. 'ನನ್ ಕಾಲು ಹೋಗಿದ್ದೂ ನಿಜ, ನಮ್ಮಮ್ಮ ಉಳಿದಿದ್ದೂ ನಿಜ. ಅವನ ಮೇಲಿನ ಕೋಪ ಹೋಗಿಲ್ಲ, ಹೋಗಿದೆ ಅಂತ ಯಾರೂ ಅನ್ಕೋಬೇಡಿ. ಆದ್ರೆ ಕೋಪ ಮಾಡ್ಕೊಳ್ಳೋಕೂ ಒಂದು ಮುಖ ಬೇಕಲ್ಲಪ್ಪ. ಬೆನ್ನಿಗೆ ಏನಂತ ಹೇಳ್ಲಿ? ತಿರ್ಗಿಸಮ್ಮ ಅವನ್ನ ಈ ಕಡೆ.'

ಹುಡುಗಿ ಅಲ್ಲೇ ಏಣಿ ಹತ್ತಿದಳು. ನಿನ್ನೆಗೆ ನಿನ್ನ ಮುಖ ಮುಗಿಯಿತು. ಮೂಗು ಸ್ವಲ್ಪ ದೊಡ್ಡದಾಯಿತು ಎಂದು ಅಮ್ಮನ ತಕರಾರು, ಇರುವುದೇ ಅಷ್ಟು ಎಂದು ನಾನು. ಕಣ್ಣು ಮಾತ್ರ ನಿನ್ನದೇ. ನೀರಿನಲ್ಲಿ ನಿಂತು 'ಹೆದ್ರಬೇಡಿ ಅಜ್ಜಿ, ನಾನಿದೀನಿ' ಎಂದು ನೀನು ಕೂಗಿದ್ದು ನನಗೆ ಕೇಳಿಸಿದ ಹಾಗಾಯಿತು. ಆ ಹುಡುಗನ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತೋ, ವ್ಯಾನು ಓಡಿಸಿದವನ ಮೇಲೆ ಅಷ್ಟೇ ಸಿಟ್ಟಿದೆ. ಇಬ್ಬರೂ ನನ್ನ ತಮ್ಮಂದಿರೇ, ಯಾರನ್ನು ಬಿಡಲಿ. ಯಾವ ಮುಖ ಹೊತ್ತುಕೊಂಡು ಬರಲಿ ಎಂದು ಕೇಳಿದ್ದೆಯಲ್ಲ. ಇರುವುದನ್ನೇ ಹೊತ್ತುಕೊಂಡು ಬಾ.

ಅಮ್ಮ ನಿನ್ನ ತಲೆ ಸವರಿದ್ದೇನೆ ಎಂದು ಬರೆಯಲು ಹೇಳುತ್ತಿದ್ದಾಳೆ. ಬರೆದಿದ್ದೇನೆ. ಹೊತ್ತುಹೊತ್ತಿಗೆ ಉಣ್ಣು, ಯಾರ ಜಗಳಕ್ಕೂ ಹೋಗಬೇಡ.

ನಿನ್ನ ಹಿತವನ್ನೇ ಬಯಸುವ, ಬೈಯುವ ಹಕ್ಕನ್ನೂ ಬಿಡದ,
ಅಕ್ಕ

ಮರೆತಿದ್ದೆ: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಭೇಟಿಯ ದಿನ ಟೈಲರ್ ನನ್ನ ಜೊತೆ ಬರುತ್ತಾರಂತೆ. ಏನು ಮಾತಾಡುತ್ತಾರೋ ಹೇಳಲಿಲ್ಲ, ಬೈದರೂ ಬೈಯಬಹುದು. ನೋಡಲು ಬರುವವರು ಯಾರೆಂದು ಒಳಗಿನಿಂದ ನೀನೇ ಹೇಳಿದರೆ ಮಾತ್ರ ಬಿಡುತ್ತಾರೆ. ನಾನೂ ಅಮ್ಮನೂ ಬೇಡವಾದರೆ ಬೇಡ, ಹೊರಗೇ ಕೂರುತ್ತೇವೆ, ಅವರನ್ನು ಮಾತ್ರ ವಾಪಸ್ ಕಳಿಸಬೇಡ. ಆ ದಿನ ಹಾಕಿಕೊಳ್ಳುವ ಅಂಗಿಯನ್ನು ಇವತ್ತು ಬೆಳಿಗ್ಗೆ ಇಸ್ತ್ರಿಗೆ ತಂದುಕೊಟ್ಟರು. ನಿನ್ನ ವ್ಯಾನು ಅವರ ಮೇಲೆ ಹರಿದ ಮೇಲೆ ಆ ಮನೆಯ ಬಟ್ಟೆ ನಮ್ಮ ಅಂಗಡಿಗೆ ಬಂದದ್ದು ಇದೇ ಮೊದಲು.