ನೆಲೋಗಿಯ ಏರು, ಇಂಜಿನ್ನಿನ ಉಸಿರು

೧೩-೯-೧೯೮೬, ಶನಿವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಹಾಗೂ ಈ ಕಾಗದದ ಸಭೆಯ ಹಿಂದಿನ ಸಾಲಿನಲ್ಲಿ ಶೇಂಗಾ ಸುಲಿಯುತ್ತ ಕುಳಿತಿರುವ ನನ್ನ ಧರ್ಮಪತ್ನಿ ಚಿ. ಸೌ. ಕಸ್ತೂರಿಬಾಯಿಯವರೇ,

ಬಾಡಿಗೆಗೆ ಓಡಿಸುವ ನಮ್ಮ ಕಾರಿನ ಉದ್ಧಾರಕಾರ್ಯದ ವರದಿಯನ್ನು ತಮ್ಮ ಮುಂದಿಡಲು ಹರ್ಷಿಸುತ್ತೇನೆ. ತಾವು ತವರಿನಿಂದ ಕಳಿಸಿದ ನೋಟೀಸು ತಲುಪಿದೆ: "ಗಂಡ ಬಿಟ್ಟಾನೇನು ಅಂತ ಮಂದಿ ಕೇಳಾಕತ್ತಾರ. ಸೋಮವಾರದೊಳಗ ಕರಿಯಾಕ ಬರಲಿಲ್ಲಂದ್ರ ನಾ ಇನ್ನ ಬರಂಗಿಲ್ಲ." ತಡಕ್ಕೆ ಕಾರಣ ಕೆಳಗಿನಂತಿದೆ.

ಪಂಚಮಿಗೆ ನಿನ್ನನ್ನು ಬಿಡಲು ಬಂದಾಗ ನಿನ್ನೂರು ನೆಲೋಗಿಯ ಏರಿನಲ್ಲಿ ಕಾರು ನಿಂತದ್ದು, ನೀನೂ ಇಳಿದು ತಳ್ಳಿದ್ದು ಸಭೆಗೆ ಗೊತ್ತೇ ಇದೆ. ನಿನ್ನ ತಮ್ಮ ದೌಲತರಾಯ, ಕಟ್ಟೆಯ ಮೇಲಿನವರೆಲ್ಲ ಕೇಳುವಂತೆ, "ಮಾಮಾ, ಮುಂದಿನ ಸಲ ಎರಡು ಎತ್ತು ಕಟ್ಟಕೊಂಡ ಬರ್ರಿ" ಅಂದ. ನೀನು ಸೆರಗು ಬಾಯಿಗೆ ಹಿಡಿದೆ. ನಕ್ಕೆಯೋ ಕೆಮ್ಮಿದೆಯೋ, ಇಂದಿಗೂ ಕೇಳಿಲ್ಲ. ನಿನ್ನನ್ನು ಕರೆಯಲು ಅದೇ ಏರನ್ನು ಅದೇ ಕಾರಿನಲ್ಲಿ ಹತ್ತಿಯೇ ಬರಬೇಕೆಂದು ಆವತ್ತೇ ಹಟ ಹಿಡಿದೆ.

ಅಫಜಲಪುರಕ್ಕೆ ಮರಳಿದವನೇ ಮೆಕ್ಯಾನಿಕ್ ಗೌಸಮೊಹಿದ್ದೀನನ ಅಂಗಡಿಯಲ್ಲಿ ಇಂಜಿನ್ನಿನ ಹೆಡ್ಡು ಬಿಚ್ಚಿಸಿದೆ. ಇಂಜಿನ್ನು ಉಸಿರೆಳೆಯುವ ದಾರಿಗಳಿರುವುದು ಅದರಲ್ಲೇ. ಎರಕ ಹೊಯ್ದಾಗಿನ ಗಂಟು, ತರಕಲು ಒಳಗೆ ಹಾಗೇ ಉಳಿದಿರುತ್ತವೆ. ಅರದಿಂದ ಉಜ್ಜಿ ದಾರಿ ಅಗಲ ಮಾಡಿದರೆ, ಗಾಳಿ ನುಗ್ಗಲಿ ಭರಭರ, ಗಾಡಿ ಹತ್ತಲಿ ಸರಸರ! ಹದಿನೆಂಟು ದಿನ ಉಜ್ಜಿದೆ. ಬೆರಳಿಟ್ಟರೆ ನಿನ್ನ ಕೆನ್ನೆ ನೆನಪಾಗುವಷ್ಟು ನಯವಾಯಿತು.

"ಸಾಕು ಬಿಡ್ರಿ, ಆ ದಾರಿ ಗ್ವಾಡಿ ಹಿಂದ ಇಂಜಿನ್ನಿನ ನೀರು ಹರೀತದ" ಎಂದು ಗೌಸಮೊಹಿದ್ದೀನ ಎಚ್ಚರಿಸಿದ. ಆದರೆ ಸಂತೆಯಲ್ಲಿ ಗಡಿಗೆ ಆರಿಸುವುದರಲ್ಲಿ ನನ್ನನ್ನು ಮೀರಿಸಿದವರುಂಟೇ? ಗಡಿಗೆಯಂತೆಯೇ ಅದನ್ನೂ ಬೆರಳ ಗಣ್ಣಿನಿಂದ ಬಡಿದು, ನಾದ ಕೇಳಿ, ಇನ್ನೂ ದಪ್ಪ ಇದೆ ಎಂದು ತೀರ್ಪು ಕೊಟ್ಟೆ. ಇನ್ನೊಂದು ಸುತ್ತು ಉಜ್ಜಿದೆ.

ಮಹನೀಯರೇ, ಈಗ ನಮ್ಮ ಕಾರು ಎಂಥ ಏರನ್ನಾದರೂ...

ಇಲ್ಲ ಕಸ್ತೂರಿ. ಗೋಡೆ ತೂತಾಯಿತು. ಚಾಲೂ ಮಾಡಿದ ಕೂಡಲೇ ರೇಡಿಯೇಟರಿನ ನೀರು ಇಂಜಿನ್ನಿನ ಹೊಟ್ಟೆಗೆ ಇಳಿಯಿತು. ಬೆಸುಗೆ ಹಾಕಿಸಿದರೆ ಎರಡು ಸಲವೂ ಬಿರಿಯಿತು. ಕಾರು ಬೇವಿನ ಗಿಡದ ಕೆಳಗೆ ನಿಂತಿದೆ, ಅದರ ಮೇಲೆ ಕೋಳಿ ಮಲಗುತ್ತವೆ. ಹಿಂದಿನ ಕಾಗದಗಳಲ್ಲಿ ಬರೆದ ಜ್ವರ, ಭೂಸನೂರಕ್ಕೆ ಸಿಕ್ಕ ಬಾಡಿಗೆ, ಎಲ್ಲ ಸುಳ್ಳು. ನಿನ್ನನ್ನು ಬಿಡುವ ಮಾತು ಕನಸಿನಲ್ಲೂ ಬಂದಿಲ್ಲ. ಕಾರಿಲ್ಲದೆ ನಿನ್ನೂರಿಗೆ ಕಾಲಿಡಲು ನಾಚಿಕೆಯಾಯಿತು, ಅಷ್ಟೇ. ನಿನಗೆ ಕೆಟ್ಟ ಹೆಸರು ಬರುತ್ತದೆಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ನಿನ್ನವನೇ,
ಚಂದ್ರಾಮಪ್ಪ

ತಾ.ಕ.: ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ, ಬಳೆ ಮಾರುವ ಪ್ಯಾರಿಬಿಯ ಕೈಯಲ್ಲಿ ಕಳಿಸಿದ್ದೇನೆ. ಮುಂಜಾನೆಯಿಂದ ನೆಲೋಗಿಯ ಬಸ್ ನಿಲ್ದಾಣದಲ್ಲೇ ಕೂತಿದ್ದೇನೆ. ನೀನು ಹೂಂ ಅಂತ ಹೇಳಿ ಕಳಿಸಿದರೆ ಮನೆಗೆ ಬಂದು ಎಲ್ಲರೆದುರು ಕರೆಯುತ್ತೇನೆ. ನಮ್ಮೂರ ದಾರಿಗೆ ಜೇವರ್ಗಿಯ ಬಸ್ಸು ಐದಕ್ಕೆ. ಕಿಟಕಿಯ ಜಾಗ ನಿನಗೆ.